ಕಮ್ಯುನಿಟಿ ಕಾಲೇಜು ಅಂದರೆ ಯಾಕೆ ದನಿ ತಗ್ಗುತ್ತದೆ?

ದೀಪಾವಳಿ ಊಟಕ್ಕೆ ಇಲ್ಲಿ ಅಮೆರಿಕದಲ್ಲಿ ಸ್ನೇಹಿತರ ಮನೆಯಲ್ಲಿ ಸೇರಿದ್ದೆವು. ಅಡುಗೆಮನೆಯಲ್ಲಿ ಒಬ್ಬರು ನನ್ನ ಮಗನ ಬಗ್ಗೆ ಕೇಳಿದರು. "ರನ್ನಿಂಗ್ ಸ್ಟಾರ್ಟ್ ತಗೊಂಡಿದಾನೆ, ಈಗ ಕಮ್ಯುನಿಟಿ ಕಾಲೇಜಿಗೆ ಹೋಗ್ತಾನೆ" ಅಂದೆ. ಅವರು ಸೌಟು ಕೆಳಗಿಟ್ಟು, ದನಿ ತಗ್ಗಿಸಿ ಕೇಳಿದರು: "ಯಾಕ್ರೀ, ಸ್ಕೂಲಲ್ಲಿ ಏನಾದ್ರೂ ತೊಂದ್ರೆ ಆಯ್ತಾ?"

ಮಾರನೇ ದಿನ ತಿಪಟೂರಿಗೆ ಫೋನ್ ಮಾಡಿದಾಗ ಅತ್ತೆಗೂ ಇದೇ ವಿಷಯ ಹೇಳಿದೆ. "ಹದಿನಾರು ತುಂಬ್ತಲ್ಲ, ಕಾಲೇಜಿಗೆ ಹೋಗ್ದೆ ಇನ್ನೆಲ್ಲಿಗೆ ಹೋಗ್ತಾನಮ್ಮ?" ಅಂದರು. ಅವರ ಪಾಲಿಗೆ ಇದು ಸುದ್ದಿಯೇ ಅಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿ, ಪಿಯುಸಿ ಅಂದರೆ ಕಾಲೇಜು. ನಾನೂ ಹದಿನಾರಕ್ಕೇ ಕಾಲೇಜಿನ ಮೆಟ್ಟಿಲು ಹತ್ತಿದವಳೇ. ಹಾಗಂತ ಅದೂ ಇದೂ ಒಂದೇ ಅಲ್ಲ. ಪಿಯುಸಿ ಅಂದರೆ ಇಲ್ಲಿನ ಹನ್ನೊಂದು, ಹನ್ನೆರಡನೇ ಕ್ಲಾಸಿಗೆ ನಾವು ಕಾಲೇಜು ಅಂತ ಬೋರ್ಡು ಹಾಕಿದ್ದು ಅಷ್ಟೇ. ಮಗ ಓದುತ್ತಿರುವುದು ಡಿಗ್ರಿಯ ಪಾಠ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಕಮ್ಯುನಿಟಿ ಕಾಲೇಜು ಅಂದರೆ ಡಿಗ್ರಿಯ ಮೊದಲ ಎರಡು ವರ್ಷದ ಪಾಠ ಹೇಳುವ ಸರ್ಕಾರಿ ಕಾಲೇಜು. ನಾವಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ (ಶ್ವೇತಭವನ ಇರುವ ಊರಲ್ಲ, ಸಿಯಾಟಲ್ ಇರುವ ಕಡೆ). ಹೈಸ್ಕೂಲಿನ ಮಕ್ಕಳು ಕಾಲೇಜಿಗೆ ಹೋಗಿ ಕಲಿಯಬಹುದು ಅಂತ ಇಡೀ ರಾಜ್ಯಕ್ಕೆ ಮೊದಲು ದಾರಿ ಮಾಡಿದ್ದು ಮಿನ್ನೆಸೋಟ, 1985ರಲ್ಲಿ. ನಮ್ಮ ರಾಜ್ಯದಲ್ಲಿ 1990ರಲ್ಲಿ ಕಾನೂನು ಬಂತು. ಅದೇ ರನ್ನಿಂಗ್ ಸ್ಟಾರ್ಟ್. ಹನ್ನೊಂದು, ಹನ್ನೆರಡನೇ ಕ್ಲಾಸಿನವರು ಪಾಠದ ಫೀಸಿಲ್ಲದೆ ಕಾಲೇಜಿನ ಕೋರ್ಸು ತೆಗೆದುಕೊಳ್ಳಬಹುದು. ಪುಸ್ತಕ, ಬಸ್ಸು, ಚಿಲ್ಲರೆ ಶುಲ್ಕ ನಮ್ಮದು. ಕಾಲೇಜಿನ 5 ಕ್ರೆಡಿಟ್ ಅಂದರೆ ಹೈಸ್ಕೂಲಿನ 1 ಕ್ರೆಡಿಟ್. ಅಂದರೆ ಹೈಸ್ಕೂಲಲ್ಲಿ ಒಂದು ವರ್ಷ ಎಳೆಯುವ ವಿಷಯ ಇಲ್ಲಿ ಒಂದೇ ಕ್ವಾರ್ಟರಿನಲ್ಲಿ, ಹತ್ತು ಹನ್ನೊಂದು ವಾರಕ್ಕೆ ಮುಗಿದುಹೋಗುತ್ತದೆ. ಎರಡು ಕಡೆಯೂ ಲೆಕ್ಕಕ್ಕೆ ಬರುತ್ತದೆ.

ನಮ್ಮವರಿಗೆ ಪ್ರೀತಿ ಎಪಿ ಮೇಲೆ, ಅಂದರೆ ಹೈಸ್ಕೂಲಲ್ಲೇ ಕೂತು ಓದುವ ಕಾಲೇಜು ಮಟ್ಟದ ಕೋರ್ಸುಗಳ ಮೇಲೆ. ಎಷ್ಟು ಎಪಿ ಅನ್ನುವುದು ಎಷ್ಟು ತೊಲ ಅನ್ನುವ ಹಾಗಾಗಿದೆ. ಎಪಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ಕಾಲೇಜು ಕ್ರೆಡಿಟ್ಟು ನಿಂತಿರುವುದು ಮೇ ತಿಂಗಳ ಒಂದು ಪರೀಕ್ಷೆಯ ಮೇಲೆ. 5ಕ್ಕೆ ಎಷ್ಟು ಬಂತು ಅನ್ನುವುದೇ ಎಲ್ಲ. ವರ್ಷಪೂರ್ತಿ ಓದಿ ಆ ದಿನ ಜ್ವರ ಬಂದರೆ? ನಮಗೆ ಇದು ಹಿಡಿಸುವುದು ಸಹಜ. ಸಿಇಟಿಯ ರುಚಿ ಕಂಡವರು ನಾವು. ಕಮ್ಯುನಿಟಿ ಕಾಲೇಜನ್ನು ಯಾರೂ ಲೆಕ್ಕ ಹಾಕಿ ಬೇಡ ಅಂದಿದ್ದು ನಾನು ಕಂಡಿಲ್ಲ. ಹೆಸರು ಕೇಳಿಯೇ ಬೇಡ ಅಂದಿದ್ದಾರೆ. ಅರ್ಜಿ ಹಾಕಿದವರನ್ನೆಲ್ಲ ಸೇರಿಸಿಕೊಳ್ಳುವ ಕಾಲೇಜು ಒಳ್ಳೆಯದಾಗಿರಲು ಸಾಧ್ಯವೇ ಇಲ್ಲ ಅನ್ನುವುದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಸೀಟು ಸಿಗದವರು ಇದ್ದರೆ ತಾನೇ ಸೀಟಿಗೆ ಬೆಲೆ!

ನನ್ನ ಮಗನ ಇಂಗ್ಲಿಷ್ ಕ್ಲಾಸಿನಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಬರುವ ಒಬ್ಬರಿದ್ದರು. ಇನ್ನೊಬ್ಬಾಕೆಗೆ ಎರಡು ಮಕ್ಕಳು. ಇವನೂ ಆಕೆಯೂ ಸೇರಿ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಮಕ್ಕಳು ಮಲಗಿದ ಮೇಲೆ ಆಕೆಗೆ ಬಿಡುವು, ಹಾಗಾಗಿ ರಾತ್ರಿ ಒಂಬತ್ತೂವರೆಗೆ ಕಾಲ್. ಒಂದು ದಿನ ಇವನು ತನ್ನ ಭಾಗ ಮುಗಿಸಿರಲಿಲ್ಲ. ಆಕೆ ಬೈಯಲಿಲ್ಲವಂತೆ, "ನನಗೆ ಇವತ್ತು ಇದೊಂದೇ ಗಂಟೆ ಇತ್ತು" ಅಂದರಂತೆ ಅಷ್ಟೇ. ಆಮೇಲೆ ಮಗರಾಯ ಒಂದು ದಿನವೂ ತಡ ಮಾಡಲಿಲ್ಲ. ಹದಿನಾರು ವರ್ಷದಿಂದ ನಾನು ಹೇಳಿದ್ದು ಎಲ್ಲಿಗೆ ಹೋಗಿತ್ತೋ.

ಇನ್ನು ನಾವು ಎಡವಿದ ಕಥೆ. ಮೊದಲ ಕ್ವಾರ್ಟರಿನಲ್ಲೇ ಕೆಮಿಸ್ಟ್ರಿಯಲ್ಲಿ ಸಿ ಗ್ರೇಡ್ ಬಂತು. ಬರುವವರೆಗೂ ನನಗೆ ಸುಳಿವೇ ಇಲ್ಲ. ಹೈಸ್ಕೂಲಲ್ಲಿ ಒಂದು ಹೋಮ್‌ವರ್ಕ್ ತಪ್ಪಿದರೂ ಫೋನಿಗೆ ಮೆಸೇಜು ಬರುತ್ತಿತ್ತು. ಕಾಲೇಜಿಗೆ ಫೋನ್ ಮಾಡಿದರೆ, ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ಮಾತಾಡುವ ಹಾಗಿಲ್ಲ ಅಂದರು. "ನಾನು ಅವನ ಅಮ್ಮ" ಅಂದೆ. ಗೊತ್ತು ಅಂದರು. ಅವರ ತಪ್ಪಲ್ಲ. ಫೆರ್ಪಾ ಅಂತ ಇಲ್ಲಿನ ಕಾನೂನು. ಕಾಲೇಜಿಗೆ ಸೇರಿದ ಕೂಡಲೇ ಅಲ್ಲಿನ ದಾಖಲೆ ಮಗುವಿನದ್ದಾಗುತ್ತದೆ, ಹದಿನೆಂಟು ತುಂಬದಿದ್ದರೂ. ಮಗನ ಅಂಕ ಕೇಳಲು ಮಗನ ಸಹಿ ಬೇಕು! ತಿಪಟೂರಿನಲ್ಲಿ ಇದನ್ನು ಹೇಳಿದರೆ ನಗುತ್ತಾರೆ.

ಆ ಸಿ ಅಳಿಸಿಹೋಗುವುದಿಲ್ಲ. ಎಪಿಯಲ್ಲಿ 2 ಬಂದರೆ ಯಾರಿಗೂ ಕಳಿಸದೆ ಸುಮ್ನೆ ಇದ್ದುಬಿಡಬಹುದು. ಇದು ಮಾತ್ರ ಕಾಲೇಜು ಟ್ರಾನ್ಸ್‌ಕ್ರಿಪ್ಟಿನಲ್ಲಿ ಉಳಿಯುತ್ತದೆ. ಡಾಕ್ಟರ್ ಆಗಬೇಕು ಅನ್ನುವ ಮಕ್ಕಳ ಅಪ್ಪ ಅಮ್ಮ ಇದನ್ನು ಗಮನಿಸಿ. ಮುಂದೆ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುವಾಗ, ಹೈಸ್ಕೂಲಲ್ಲಿದ್ದಾಗ ತೆಗೆದುಕೊಂಡ ಕಾಲೇಜು ಕೋರ್ಸಿನ ಗ್ರೇಡನ್ನೂ ತೋರಿಸಬೇಕು, ಅದೂ ಸರಾಸರಿಗೆ ಸೇರುತ್ತದೆ. ಇದನ್ನು ನಮಗೆ ಮೊದಲೇ ಯಾರಾದರೂ ಹೇಳಿದ್ದರೆ ಮೊದಲ ಕ್ವಾರ್ಟರಿಗೆ ಒಂದೇ ಕೋರ್ಸು ಹಾಕಿಸುತ್ತಿದ್ದೆ. ಮೂರು ಹಾಕಿಸಿದ್ದು ನನ್ನದೇ ಆಸೆಬುರುಕತನ.

ಹೌದು, ಆಸೆ. ಯುನಿವರ್ಸಿಟಿ ಆಫ್ ವಾಷಿಂಗ್ಟನ್‌ನಲ್ಲಿ ನಮ್ಮ ರಾಜ್ಯದ ಮಕ್ಕಳಿಗೂ ಪಾಠದ ಫೀಸು, ಶುಲ್ಕ ಸೇರಿ ವರ್ಷಕ್ಕೆ 12 ಸಾವಿರ ಡಾಲರ್ ದಾಟುತ್ತದೆ. 90 ಕ್ರೆಡಿಟ್ ಮುಗಿಸಿದರೆ ಡಿಗ್ರಿಯ ಎರಡು ವರ್ಷ ಉಳಿಯಿತು ಅಂತ ನಾನೂ ಬೆರಳು ಮಡಚಿದ್ದೆ. ಅಷ್ಟು ಸಲೀಸಲ್ಲ. ಎಂಜಿನಿಯರಿಂಗ್‌ಗೆ ಬೇಕಾದ ಗಣಿತ, ಫಿಸಿಕ್ಸ್ ಒಂದರ ಹಿಂದೆ ಒಂದು ಬರಬೇಕು. ಕೈಗೆ ಸಿಕ್ಕ ಕೋರ್ಸಿನಿಂದ 90 ತುಂಬಿಸಿಕೊಂಡರೆ ವರ್ಷ ಉಳಿಯುವುದಿಲ್ಲ. ಇನ್ನು ಎಷ್ಟೋ ಖಾಸಗಿ ಯುನಿವರ್ಸಿಟಿಗಳು, ಹೈಸ್ಕೂಲ್ ಪಾಸಾಗಲು ಬಳಸಿದ ಕ್ರೆಡಿಟ್ಟನ್ನು ಮತ್ತೆ ಒಪ್ಪುವುದೇ ಇಲ್ಲ. ಕ್ರೆಡಿಟ್ಟೂ ನೋಟಿನ ಹಾಗೆ, ಯಾವ ಅಂಗಡಿಯಲ್ಲಿ ನಡೆಯುತ್ತದೆ ಅಂತ ಮೊದಲೇ ಕೇಳಿಕೊಂಡು ನೋಟು ಕೂಡಿಡಬೇಕು.

ಇಷ್ಟೆಲ್ಲ ಆದ ಮೇಲೂ ಬಿಡಿಸಲಿಲ್ಲ. ಬಿಡುತ್ತೀಯಾ ಅಂತ ಕೇಳಿದ್ದಕ್ಕೆ ಅವನೇ ಬೇಡ ಅಂದ. ಚಳಿಗಾಲದ ಕ್ವಾರ್ಟರಿಗೆ ಒಂದೇ ಕೋರ್ಸು, ಭೂವಿಜ್ಞಾನ. ಜಾಸ್ತಿ ಕೆಲಸಕ್ಕೆ ಬರುವ ವಿಷಯ ಯಾವುದೂ ಸಿಗಲಿಲ್ವಾ ಅಂತ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಹೈಸ್ಕೂಲಿನ ಕೌನ್ಸೆಲರ್ ಫಾರ್ಮಿಗೆ ಸಹಿ ಹಾಕಿದರು. ಮೊನ್ನೆ ಶನಿವಾರ ಡೈನಿಂಗ್ ಟೇಬಲ್ ತುಂಬ ಕಲ್ಲು ಹರಡಿಕೊಂಡು ಕೂತಿದ್ದ. ದೋಸೆ ತಟ್ಟೆ ಇಡಲೂ ಜಾಗ ಇರಲಿಲ್ಲ.

"ಕ್ಲಾಸು ಹೇಗೆ ನಡೀತಿದೆ, ಗ್ರೇಡ್ ಏನ್ ಬರಬಹುದು?" ಅಂದೆ.

ತಲೆ ಎತ್ತಲಿಲ್ಲ. "ನಾನಿನ್ನೂ ಸಹಿ ಹಾಕಿ ಕೊಟ್ಟಿಲ್ವಲ್ಲಮ್ಮ" ಅಂದ.