ಕಾಂಕ್ರೀಟಿನ ಜೊತೆ ನೀರಿನ ದಾರಿಯನ್ನೂ ನೋಡಬೇಕು

ಅಣು ತ್ಯಾಜ್ಯದ ಬಗ್ಗೆ ಬಂದ ನಿಮ್ಮ ಲೇಖನ ಇಷ್ಟವಾಯಿತು. ಆದರೆ ಅದರಲ್ಲಿನ ‘ವಿಕಿರಣ ತ್ಯಾಜ್ಯವನ್ನು ದಪ್ಪ ಕಾಂಕ್ರೀಟಿನಲ್ಲಿ 300 ವರ್ಷ ಇಟ್ಟರೆ ಭಯವಿಲ್ಲ’ ಅನ್ನೋ ಮಾತು ಅರ್ಧ ಮಾತ್ರ ಸರಿ. ತ್ಯಾಜ್ಯದಲ್ಲಿರುವ ಸೀಸಿಯಂ-137 ಅನ್ನೋ ವಿಕಿರಣ ವಸ್ತುವಿನ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯೋಕೆ ಬೇಕಾದ ಕಾಲ, ಸುಮಾರು 30 ವರ್ಷ. 300 ವರ್ಷಕ್ಕೆ ಹತ್ತು ಸಲ ಅರ್ಧವಾಗಿ, ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ. ಪ್ಲುಟೋನಿಯಂ-239ಕ್ಕೆ ಆ ಲೆಕ್ಕ ನಡೆಯಲ್ಲ, ಅದರ ಅರ್ಧಾಯುಷ್ಯವೇ 24 ಸಾವಿರ ವರ್ಷ. ಒಳಗೆ ಏನಿದೆ ಅಂತ ಮೊದಲು ಕೇಳಬೇಕು, ಅಲ್ವಾ?

ಆಮೇಲೆ ನೀರು. ತ್ಯಾಜ್ಯದಲ್ಲಿರುವ ಇನ್ನೊಂದು ವಿಕಿರಣ ವಸ್ತು ಸ್ಟ್ರಾನ್ಷಿಯಂ-90 ಸೋರಿದರೆ ನೀರಿನಿಂದ ಹುಲ್ಲಿಗೆ, ಹುಲ್ಲಿನಿಂದ ಹಾಲಿಗೆ ಬರುತ್ತದೆ. ದೇಹ ಅದನ್ನು ಕ್ಯಾಲ್ಸಿಯಂ ಥರಾನೇ ಮೂಳೆಗೆ ಸೇರಿಸಿಕೊಳ್ಳುತ್ತದೆ. ಬೆಳೆಯೋ ಮಕ್ಕಳಿಗೆ ಅಪಾಯ ಜಾಸ್ತಿ.

ನಮ್ಮದು ಗದಗ ಕಡೆ ಎರೆ ಹೊಲ. ಏಪ್ರಿಲ್‌ನಲ್ಲಿ ಬಿರುಕಿನೊಳಗೆ ಮೊಣಕೈವರೆಗೂ ಕೈ ಹೋಗುತ್ತದೆ. ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಫಿನ್ಲೆಂಡಿನಲ್ಲಿ ಅಣು ತ್ಯಾಜ್ಯ ಹೂಳಲು ಕಟ್ಟಿರುವ ಓಂಕಾಲೊದಲ್ಲಿ, 400 ಮೀಟರ್‌ಗೂ ಆಳದ ಬಂಡೆಯಲ್ಲಿ, ತ್ಯಾಜ್ಯದ ತಾಮ್ರದ ಡಬ್ಬಿಗಳ ಸುತ್ತ ತುಂಬಲು ಆರಿಸಿರುವ ಬೆಂಟೊನೈಟ್ ಜೇಡಿಗೂ ಇದೇ ಗುಣ. ನೀರು ಕುಡಿದು ಉಬ್ಬಿ ಸಂದು ಮುಚ್ಚುತ್ತದೆ. ಮಣ್ಣು ಬೇಸಿಗೆಯಲ್ಲಿ ಹೇಗೆ, ಮಳೆಗಾಲದಲ್ಲಿ ಹೇಗೆ ಅಂತ ಎರಡೂ ನೋಡದೆ ಅಪಾಯ ಅಳೆಯೋಕೆ ಆಗಲ್ಲ.

ಕೈಗಾ ಅಣುಸ್ಥಾವರ ದೂರ ಇದೆ ಅಂತ ನಾವು ಸುಮ್ನೆ ಇರಬಾರದು. ನನ್ನ ತಂಗಿಯ ಹಲ್ಲು ಕಂದು ಬಣ್ಣಕ್ಕೆ ತಿರುಗಿದ ಮೇಲೆಯೇ ನಾವು ಬೋರ್ ನೀರು ಪರೀಕ್ಷೆ ಮಾಡಿಸಿದ್ದು. ಫ್ಲೋರೈಡ್ ಜಾಸ್ತಿ ಇತ್ತು. ಅಷ್ಟೊತ್ತಿಗೆ ತಡವಾಗಿತ್ತು. ತ್ಯಾಜ್ಯ ಇಡುವ ಜಾಗದ ಸುತ್ತಲಿನ ಬಾವಿ ನೀರು, ಹಾಲು, ಮೀನು ಎಲ್ಲವನ್ನೂ ಮೊದಲೇ ಅಳೆದಿಡಬೇಕು. ಪ್ರತಿ ವರ್ಷದ ಅಂಕಿಯನ್ನು ಕನ್ನಡದಲ್ಲಿ ಪಂಚಾಯಿತಿ ಬೋರ್ಡಿಗೆ ಹಾಕಬೇಕು.