ಹೈಫಾ ಸವಾರನ ಪದಕಕ್ಕೆ ವಿಭೂತಿ ಹಾಕಿ ತಿಕ್ಕಬೇಡಿ

ಬೆಳಗ್ಗೆಯಿಂದ ಒಂದು ಫೋಟೊ ಓಡಾಡುತ್ತಿದೆ. ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್‌ನ ಸವಾರರೊಬ್ಬರ ಮೊದಲ ಮಹಾಯುದ್ಧದ ಬೆಳ್ಳಿ ಪದಕ, ಹೊಸ ಕುಂಕುಮದ ಬಟ್ಟಲಿನ ಹಾಗೆ ಫಳಫಳ. ಎಲ್ಲರೂ ಕೈಮುಗಿದಿದ್ದಾರೆ. ನನಗೆ ಮಾತ್ರ ಕರುಳು ಚುರುಕ್ ಎಂದಿತು. ಅಂಚು ಸವೆದು ಬೋಳಾಗಿದೆ, ಹೆಸರೇ ಇಲ್ಲ.

ಗೆಳೆಯರೇ, ಆ ಪದಕದ ಜೀವ ಇರುವುದು ಅದರ ಮೇಲಿನ ಬ್ರಿಟಿಷ್ ರಾಜನ ಮುಖದಲ್ಲಲ್ಲ, ಅಂಚಿನಲ್ಲಿ. 36 ಮಿಲಿಮೀಟರ್ ಅಗಲದ ಬಿಲ್ಲೆ. ಅದರ ಸಣ್ಣ ಅಂಚಿನ ಸುತ್ತ ನಂಬರು, ದರ್ಜೆ, ಹೆಸರು, ಪಡೆ ಒತ್ತಿರುತ್ತಾರೆ. ಅಧಿಕಾರಿಗಳಿಗೆ ಫೋಟೊ ಇದೆ, ವರದಿ ಇದೆ. ಸಾಮಾನ್ಯ ಸವಾರನಿಗೆ ಎಷ್ಟೋ ಮನೆಗಳಲ್ಲಿ ಉಳಿದಿರುವುದು ಆ ಒಂದು ಸಾಲು.

ಅವನು 1914ರಲ್ಲಿ ಹಡಗು ಹತ್ತಿ ಸೂಯೆಜ್ ಕಾಲುವೆ ಕಾಯಲು ಹೋದವನು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರಿನ ಮುಂದೆ ನಿಂತಾಗ ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಾಲಿಟ್ಟರೆ ಹೂತುಹೋಗುವ ಕಿಶೋನ್ ಹೊಳೆಯ ದಂಡೆ. ಜೊತೆಗಿದ್ದ ಜೋಧಪುರದ ಕುದುರೆ ಪಡೆಯವರು ಊರೊಳಗೆ ನುಗ್ಗಬೇಕಾದರೆ ಬೆಟ್ಟದ ಮೇಲಿನ ತುರ್ಕಿ ಕಡೆಯ ಫಿರಂಗಿಗಳ ಬಾಯಿ ಮುಚ್ಚಿಸಬೇಕಿತ್ತು. ಆ ಕಡಿದಾದ ದಾರಿ ಹತ್ತಿದ್ದು ಮೈಸೂರಿನ ತುಕಡಿ. ಆ ದಿನ ನಮ್ಮ ಕಡೆ ಸತ್ತವರು 8 ಜನ, ಗಾಯಗೊಂಡವರು 34. ಸತ್ತ ಕುದುರೆಗಳು 60.

ಇಂಥವನ ಹೆಸರನ್ನು ನಾವೇ ಉಜ್ಜಿ ಅಳಿಸುತ್ತಿದ್ದೇವೆ. ಬೆಳ್ಳಿಯ ಮೇಲಿನ ಕಪ್ಪು ಕೊಳೆಯಲ್ಲ, ಗಂಧಕ ತಗುಲಿದ ಬೆಳ್ಳಿಯೇ. ವಿಭೂತಿ ಹಾಕಿ ತಿಕ್ಕಿದಾಗಲೆಲ್ಲ ಒಂದು ಪದರ ಬೆಳ್ಳಿ ಹೋಗುತ್ತದೆ, ಮೊದಲು ಸವೆಯುವುದು ಅಂಚಿನ ತೆಳು ಅಕ್ಷರ. ಅದೇ ಯುದ್ಧಕ್ಕೆ ಕೊಟ್ಟ ಇನ್ನೊಂದು ಪದಕ, ಕಂಚಿನ ವಿಕ್ಟರಿ ಪದಕಕ್ಕೆ ಹುಣಸೆಹಣ್ಣು ಹಚ್ಚುವುದು ಇನ್ನೂ ಕೆಟ್ಟದ್ದು. ನೂರು ವರ್ಷದ ಕಂದು ಬಣ್ಣ ಒಂದೇ ನಿಮಿಷಕ್ಕೆ ಕಿತ್ತುಬರುತ್ತದೆ.

"ಹಿರಿಯರ ಫೋಟೊ ಪಕ್ಕ ಕಪ್ಪಗಿದ್ದರೆ ಚೆನ್ನಾಗಿರುತ್ತಾ?" ಅಂತ ಕೇಳುತ್ತಾರೆ. ಅವರ ಭಕ್ತಿ ನಿಜವೇ. ಆದರೆ ಹೊಳಪನ್ನು ಯಾವಾಗ ಬೇಕಾದರೂ ತರಬಹುದು, ಸವೆದ ಹೆಸರನ್ನು ತರಲಾಗದು.

ಓದುವುದು ಸುಲಭ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಅಂಚಿಗೆ ಓರೆಯಾಗಿ ಹಿಡಿದು ನಿಧಾನ ತಿರುಗಿಸಿ, ಕಾಲು ಸುತ್ತಿಗೊಂದು ಫೋಟೊ ತೆಗೆಯಿರಿ. ಪದಕದ ಜೊತೆ 1914-15ರ ಕಂಚಿನ ನಕ್ಷತ್ರ ಇದ್ದರೆ ಅದರಲ್ಲಿ ಹೆಸರು ಅಂಚಿನಲ್ಲಿರುವುದಿಲ್ಲ, ಬೆನ್ನ ಮೇಲಿರುತ್ತದೆ. ಮೂರನ್ನೂ ಅಣ್ಣತಮ್ಮಂದಿರು ಹಂಚಿಕೊಳ್ಳಬೇಡಿ, ಬೆಳ್ಳಿಯದನ್ನು ಅಕ್ಕಸಾಲಿಯ ಮೂಸೆಗೆ ಕೊಡಬೇಡಿ.

ಒಂದಕ್ಕೊಂದು ತಾಗದ ಹಾಗೆ ಬೇರೆ ಬೇರೆ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ ಬೇಡ, ಎರಡೂ ಬೆಳ್ಳಿಯನ್ನು ಇನ್ನಷ್ಟು ಕಪ್ಪಾಗಿಸುತ್ತವೆ. ಮೆತ್ತನೆಯ ಪಿವಿಸಿ ಕವರೂ ಬೇಡ, ಲೋಹಕ್ಕೆ ಹಸಿರು ಅಂಟು ಹಿಡಿಯುತ್ತದೆ. ಬೆಳ್ಳಿ ಪದಕದ ಪಟ್ಟಿ ಹರಿದಿದ್ದರೂ ಎಸೆಯಬೇಡಿ. ನಡುವೆ ಕಿತ್ತಳೆ, ಅಂಚಿಗೆ ಬಿಳಿ, ಕಪ್ಪು, ನೀಲಿ ಗೆರೆಯ ಆ ರೇಷ್ಮೆಯನ್ನು ಅವನು ಎದೆಗೆ ಹಾಕಿಕೊಂಡಿದ್ದ.

ಪೆಟ್ಟಿಗೆಯಲ್ಲಿ ಇಂಥದ್ದಿದ್ದರೆ ಇವತ್ತೇ ತೆಗೆದು ನೋಡಿ. ಅರ್ಧ ಹೆಸರು ಕಂಡರೂ ಬರೆದಿಡಿ.