ಆಮೇಲಪ್ಪನ ಲೆಕ್ಕ

‘ಟಿಣ್’ ಅಂದಿತು ಫೋನು. ತಿಂಗಳ 29ನೇ ತಾರೀಖು ಬೆಳಗ್ಗೆ ಬರುವ ಟಿಣ್‌ನಲ್ಲಿ ಒಳ್ಳೆಯ ಸುದ್ದಿ ಇರುವುದು ಅಪರೂಪ. ಖಾತೆಯಲ್ಲಿ ಇರಬೇಕಾದ ಕನಿಷ್ಠ ಮೊತ್ತ ಇಲ್ಲದ್ದರಿಂದ ದಂಡ ಮುರಿದುಕೊಳ್ಳಲಾಗಿದೆಯಂತೆ. ಅಂದರೆ ದುಡ್ಡಿಲ್ಲ ಎಂಬ ತಪ್ಪಿಗೆ ದುಡ್ಡು ಕೊಡಬೇಕು. ಮುರಿದುಕೊಂಡ ಮೇಲೆ ಖಾತೆಯಲ್ಲಿ ಮೊದಲಿಗಿಂತ ಕಡಿಮೆ ಉಳಿಯುತ್ತದೆ, ಹಾಗಾಗಿ ತಪ್ಪು ಇನ್ನಷ್ಟು ದೊಡ್ಡದಾಗುತ್ತದೆ. ಕೆಸರಲ್ಲಿ ಬಿದ್ದವನಿಗೆ ಕೆಸರು ಮಾಡಿಕೊಂಡದ್ದಕ್ಕೆ ದಂಡ ಹಾಕಿ, ಆ ರಸೀದಿಯನ್ನು ಅವನ ತಲೆಗೇ ಅಂಟಿಸಿದ ಹಾಗೆ.

ಮನೆಯಿಂದ ಹೊರಬಿದ್ದು ಮೊದಲ ಸಲ ಬೇರೆ ಇದ್ದವರಿಗೆಲ್ಲ ಈ ಟಿಣ್ ಪರಿಚಯದ್ದೇ. ಬಂದ ಕೂಡಲೇ ಎಲ್ಲರೂ ಮಾಡುವ ಕೆಲಸ ತಮ್ಮನ್ನೇ ಬೈದುಕೊಳ್ಳುವುದು: ಕೈ ದುಂದು, ಹಿಡಿತವಿಲ್ಲ, ಮುಂದಿನ ತಿಂಗಳಿಂದ ಬಿಗಿ. ಪಾಪ, ಎಷ್ಟೋ ಸಲ ತಪ್ಪು ಕೈಯದ್ದಲ್ಲ, ಭಾಗಾಕಾರದ್ದು.

ಬಾಡಿಗೆ, ಬಿಲ್ಲುಗಳೆಲ್ಲ ಹೋಗಿ ತಿಂಗಳ ಕೈಖರ್ಚಿಗೆ 13,000 ಉಳಿಯಿತು ಅನ್ನಿ. ತಿಂಗಳಿಗೆ ನಾಲ್ಕು ವಾರ ಎಂದು ಶಾಲೆಯಲ್ಲಿ ಕಲಿತಿದ್ದೇವಲ್ಲ, ನಾಲ್ಕರಿಂದ ಭಾಗಿಸಿ ವಾರಕ್ಕೆ 3,250 ಎಂದು ಗೋಡೆಗೆ ಚೀಟಿ ಅಂಟಿಸುತ್ತೇವೆ. ನಾಲ್ಕು ವಾರ ಅಂದರೆ 28 ದಿನ. ಅಧಿಕ ವರ್ಷವಲ್ಲದ ಫೆಬ್ರವರಿಯೊಂದನ್ನು ಬಿಟ್ಟರೆ ಯಾವ ತಿಂಗಳೂ 28ಕ್ಕೆ ನಿಲ್ಲುವುದಿಲ್ಲ. ಉಳಿದ ಎರಡು ಮೂರು ದಿನಗಳಿಗೆ ಬಜೆಟ್ಟಿನಲ್ಲಿ ಜಾಗವೇ ಇಲ್ಲ, ಆದರೆ ಹಸಿವು ಮಾತ್ರ ಕ್ಯಾಲೆಂಡರ್ ನೋಡಿಕೊಂಡೇ ಬರುತ್ತದೆ. ವರ್ಷಕ್ಕೆ ಇಂಥ ಅನಾಥ ದಿನಗಳು 29. ಸರಿಯಾದ ದಾರಿ ಎಂದರೆ ತಿಂಗಳ ಮೊತ್ತವನ್ನು 12ರಿಂದ ಗುಣಿಸಿ 52ರಿಂದ ಭಾಗಿಸುವುದು. ಆಗ ವಾರಕ್ಕೆ 3,000 ಬರುತ್ತದೆ. ವ್ಯತ್ಯಾಸ ಬರೀ 250 ಎಂದು ಮೂಗು ಮುರಿಯಬೇಡಿ. ಆ 250 ಅನ್ನು 52 ವಾರಕ್ಕೆ ಗುಣಿಸಿದರೆ 13,000. ಅಂದರೆ ಇಲ್ಲದ ಒಂದಿಡೀ ತಿಂಗಳ ದುಡ್ಡನ್ನು ವಾರಗಳಿಗೆ ಹಂಚಿಬಿಟ್ಟಿರುತ್ತೇವೆ.

ಮೊದಲ ತಿಂಗಳಿಗಂತೂ ಯಾವ ಭಾಗಾಕಾರವೂ ಒಗ್ಗುವುದಿಲ್ಲ. ಅಡ್ವಾನ್ಸು, ಮೊದಲ ಬಾಡಿಗೆ, ಸಾಮಾನು ಸಾಗಿಸಿದ ಕೂಲಿ, ಇವೆಲ್ಲ ಸಂಬಳಕ್ಕಿಂತ ಮುಂಚೆ ಬಂದು ಬಾಗಿಲಲ್ಲಿ ನಿಂತಿರುತ್ತವೆ. ತಿಂಗಳ ನಡುವೆ ಕೆಲಸಕ್ಕೆ ಸೇರಿದವರಿಗೆ ಮೊದಲ ಸಂಬಳವೂ ಅರ್ಧವೇ. ಅದರ ಮೇಲೆ ಬಕೆಟ್ಟು, ಪೊರಕೆ, ಕಸದ ಬುಟ್ಟಿ, ಬಾಗಿಲ ಚಿಲಕ, ಬಟ್ಟೆ ಒಣಹಾಕುವ ಹಗ್ಗ, ಆ ಹಗ್ಗ ಕಟ್ಟಲು ಮೊಳೆ, ಆ ಮೊಳೆ ಹೊಡೆಯಲು ಸುತ್ತಿಗೆ. ಪೊರಕೆಗೆ ದುಡ್ಡು ಕೊಡಬೇಕು ಎಂಬುದೇ ಅಲ್ಲಿಯವರೆಗೆ ಯಾರಿಗೂ ಹೊಳೆದಿರುವುದಿಲ್ಲ. ಪೊರಕೆ ಅಂದರೆ ಮನೆಯ ಮೂಲೆಯಲ್ಲಿ ತಾನಾಗಿ ಬೆಳೆಯುವ ವಸ್ತು ಅಂದುಕೊಂಡಿರುತ್ತೇವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ ಹಿರಿಯರು. ಮೊದಲು ಹಾಸಿಗೆ ಎಲ್ಲಿದೆ ತೋರಿಸಿ ಸ್ವಾಮಿ.

ಅಡ್ವಾನ್ಸಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ನೆನೆದರೆ ಹೊಟ್ಟೆ ಉರಿಯುತ್ತದೆ. ಬೀಗದಕೈ ಕೈಗೆ ಬಂದ ದಿನವೇ, ಒಂದು ಚೀಲವನ್ನೂ ಒಳಗಿಡುವ ಮೊದಲು, ಗೋಡೆಯ ಬಿರುಕು, ನಲ್ಲಿಯ ಸೋರಿಕೆ, ಸಿಂಕಿನ ಕೆಳಗಿನ ಕಲೆ, ಕರೆಂಟ್ ಮೀಟರಿನ ರೀಡಿಂಗು, ಎಲ್ಲದರ ಫೋಟೋ ತೆಗೆದು ಅವತ್ತೇ ಮಾಲೀಕರಿಗೆ ಕಳಿಸಿ. ಬಿಟ್ಟು ಹೋಗುವ ದಿನ ಆ ಬಿರುಕು ನೀವು ತಲೆ ಚಚ್ಚಿಕೊಂಡಿದ್ದರಿಂದಲೇ ಬಂದದ್ದು ಎಂಬ ವಾದ ಎದ್ದರೆ ಅದಕ್ಕೆ ಇರುವ ಉತ್ತರ ತಾರೀಖಿರುವ ಆ ಫೋಟೋ ಒಂದೇ.

ಇಷ್ಟೆಲ್ಲ ಒಬ್ಬರಿಗೇ ಭಾರ ಎಂದು ಮೂವರು ಸೇರಿ ಮನೆ ಮಾಡುತ್ತೇವೆ. ಮೂವರು ಸೇರಿದ ಕಡೆ ಒಬ್ಬ ಆಮೇಲಪ್ಪ ಇದ್ದೇ ಇರುತ್ತಾನೆ.

ಆಮೇಲಪ್ಪ ಕೆಟ್ಟವನಲ್ಲ. ಅದೇ ಕಷ್ಟ. ಕೆಟ್ಟವನಾಗಿದ್ದರೆ ಜಗಳವಾಡಿ ಕಳಿಸಬಹುದಿತ್ತು. ಅವನು ಯಾವತ್ತೂ ಕೊಡುವುದಿಲ್ಲ ಅನ್ನುವುದಿಲ್ಲ. ‘ಈಗ ನೀನು ಕೊಟ್ಟಿರು ಮಗಾ, ಆಮೇಲೆ ನೋಡೋಣ’ ಅನ್ನುತ್ತಾನೆ. ದುಡ್ಡು ಕೊಡುವ ಜಾಗ ಹತ್ತಿರವಾದಂತೆ ಅವನ ಫೋನಿನ ಚಾರ್ಜು ಎರಡು ಪರ್ಸೆಂಟಿಗೆ ಇಳಿಯುತ್ತದೆ. ಚಾರ್ಜ್ ಇದ್ದರೆ ನೆಟ್‌ವರ್ಕ್ ಇರುವುದಿಲ್ಲ. ಎರಡೂ ಇದ್ದರೆ ಅವನ ಎರಡೂ ಕೈಯಲ್ಲಿ ಸಾಮಾನಿನ ಚೀಲವಿರುತ್ತದೆ. ಚೀಲ ಹೊರಲು ಅವನೆಷ್ಟು ಮುಂದೆ ಬೀಳುತ್ತಾನೆಂದರೆ, ನೋಡಿದವರು ಎಂಥ ಒಳ್ಳೆಯ ಹುಡುಗ ಅಂದುಕೊಳ್ಳುತ್ತಾರೆ.

ಹೇಗೋ ಧೈರ್ಯ ಮಾಡಿ ತಿಂಗಳ ಕೊನೆಗೆ ಲೆಕ್ಕ ತೆಗೆದಿರೋ, ಆಗ ಹೊರಬರುತ್ತದೆ ಅವನ ಬ್ರಹ್ಮಾಸ್ತ್ರ: ‘ಹಾಲ್‌ನ ಬಲ್ಬು ನಾನೇ ತಂದಿದ್ದು.’ ನಿಜ, ತಂದಿದ್ದ. ಎಂಟು ತಿಂಗಳ ಹಿಂದೆ. ಆ ಒಂದು ಬಲ್ಬು ಅಡುಗೆ ಗ್ಯಾಸಿಗೆ ವಜಾ ಆಗಿದೆ, ಇಂಟರ್ನೆಟ್ಟಿಗೆ ವಜಾ ಆಗಿದೆ, ಕುಡಿಯುವ ನೀರಿಗೂ ವಜಾ ಆಗಿದೆ. ಎಷ್ಟೋ ಎಲ್‌ಇಡಿ ಬಲ್ಬುಗಳ ಡಬ್ಬಿಯ ಮೇಲೆ 15,000 ಗಂಟೆ ಬಾಳಿಕೆ ಎಂದು ಅಚ್ಚಾಗಿರುತ್ತದೆ. ದಿನಕ್ಕೆ ಐದು ಗಂಟೆ ಉರಿಸಿದರೆ 3,000 ದಿನ, ಅಂದರೆ ಎಂಟು ವರ್ಷ ದಾಟಿತು. ಅಲ್ಲಿಯವರೆಗೂ ಅವನ ಜಮೆ ಬೆಳಗುತ್ತಲೇ ಇರುತ್ತದೆ.

ಆ ಬಲ್ಬಿನ ಮೇಲೆ ಅವನಿಗೆ ಹೆತ್ತ ಮಮತೆ. ಯಾರಾದರೂ ಹಾಲ್‌ನಿಂದ ಎದ್ದು ಹೋದರೆ ಸಾಕು, ಓಡಿ ಬಂದು ಆರಿಸುತ್ತಾನೆ, ಜೊತೆಗೆ ‘ಕರೆಂಟ್ ಬಿಲ್ ಯಾರು ಕಟ್ಟೋದು’ ಎಂದು ಉಪದೇಶ. (ಯಾರು ಕಟ್ಟೋದು ಎಂಬುದು ಉಳಿದಿಬ್ಬರಿಗೂ ಚೆನ್ನಾಗಿ ಗೊತ್ತು.) ಅದೇ ಹೊತ್ತಿಗೆ ಬಚ್ಚಲಮನೆಯಲ್ಲಿ ಅವನು ಹಾಕಿ ಮರೆತ ಗೀಸರ್ ಕೆಂಪು ದೀಪ ಮಿನುಗಿಸುತ್ತಿರುತ್ತದೆ. ಒಂದು ಯೂನಿಟ್ ಅಂದರೆ 1,000 ವಾಟ್‌ನ ಉಪಕರಣ ಒಂದು ಗಂಟೆ ನಡೆದಷ್ಟು ಕರೆಂಟು. 2,000 ವಾಟ್‌ನ ಗೀಸರ್ ನೀರು ಕಾಯಿಸುತ್ತ ಅರ್ಧ ಗಂಟೆ ನಡೆದರೆ ಒಂದು ಯೂನಿಟ್ ಮುಗಿಯಿತು. ಅದೇ ಒಂದು ಯೂನಿಟ್‌ನಲ್ಲಿ 10 ವಾಟ್‌ನ ಬಲ್ಬು 100 ಗಂಟೆ ಉರಿಯುತ್ತದೆ, ಅಂದರೆ ಹಗಲು ರಾತ್ರಿ ಸೇರಿ ನಾಲ್ಕು ದಿನಕ್ಕೂ ಮೇಲೆ. ಅವನು ವಾರವಿಡೀ ಓಡಾಡಿ ಆರಿಸಿದ ಬಲ್ಬಿನ ಪುಣ್ಯವೆಲ್ಲ ಒಂದೇ ಬೆಳಗಿನ ಸ್ನಾನದಲ್ಲಿ ತೊಳೆದುಹೋಗುತ್ತದೆ. ಹೇಳಿದರೆ ‘ನೀರು ಬಿಸಿ ಇದ್ದರೆ ಎಲ್ಲರಿಗೂ ಅನುಕೂಲ ಅಲ್ವಾ’ ಅನ್ನುತ್ತಾನೆ. ಗೀಸರ್ ಎಲ್ಲರದು, ಬಲ್ಬು ಮಾತ್ರ ಅವನದು.

ಇದಕ್ಕೆ ಮದ್ದಿಲ್ಲವೇ ಎಂದರೆ, ಇದೆ. ಯಾರು ಕೊಟ್ಟರು, ಎಷ್ಟು, ಯಾವತ್ತು, ಯಾರ್‍ಯಾರಿಗಾಗಿ, ಈ ನಾಲ್ಕನ್ನು ಅವತ್ತಿನ ದಿನವೇ ಬರೆಯಬೇಕು. ನಾಳೆ ಬರೆದರೆ ‘ಯಾರಿಗಾಗಿ’ ಎಂಬುದು ಮರೆತಿರುತ್ತದೆ, ಜಗಳವೆಲ್ಲ ಇರುವುದೇ ಅದರಲ್ಲಿ. ತಿಂಗಳಿಗೊಮ್ಮೆ, ಸಂಬಳದ ಮಾರನೇ ದಿನ, ಒಟ್ಟು ಕೂಡಿಸಿ ಮೂರರಿಂದ ಭಾಗಿಸಿ. ಒಬ್ಬ 3,000 ಕೊಟ್ಟಿದ್ದಾನೆ, ಇನ್ನೊಬ್ಬ 1,200, ಆಮೇಲಪ್ಪ ಸೊನ್ನೆ. ಒಟ್ಟು 4,200, ತಲೆಗೆ 1,400. ಎರಡನೆಯವನು 200, ಆಮೇಲಪ್ಪ 1,400, ಇಬ್ಬರೂ ನೇರವಾಗಿ ಮೊದಲನೆಯವನಿಗೆ ಕೊಟ್ಟರೆ ಲೆಕ್ಕ ಚುಕ್ತಾ. ಎಷ್ಟೇ ಬಿಲ್ಲುಗಳಿದ್ದರೂ ಮೂವರ ನಡುವೆ ಎರಡಕ್ಕಿಂತ ಹೆಚ್ಚು ಸಲ ದುಡ್ಡು ಕೈ ಬದಲಾಯಿಸಬೇಕಿಲ್ಲ, ನಾಲ್ವರಿದ್ದರೆ ಮೂರು ಸಲ ಸಾಕು. ಇದನ್ನು ಬಿಟ್ಟು ಬಿಲ್ಲಿಗೊಂದರಂತೆ ಇವನು ಅವನಿಗೆ, ಅವನು ಇವನಿಗೆ ಕೊಡುತ್ತ ಹೋದರೆ ಅದೇ ನೂರು ಮೂರು ಸುತ್ತು ಹೊಡೆದು ಹೊರಟಲ್ಲಿಗೇ ಬಂದು ನಿಲ್ಲುತ್ತದೆ.

ಇದಕ್ಕಿಂತ ಗಟ್ಟಿ ಉಪಾಯವೂ ಒಂದಿದೆ. ತಿಂಗಳ ಮೊದಲ ದಿನವೇ ಮೂವರೂ ಸಮನಾಗಿ ಒಂದು ಸಾಮಾನ್ಯ ಹುಂಡಿಗೆ ಹಾಕಿ, ಮನೆಯ ಖರ್ಚೆಲ್ಲ ಅದರಿಂದಲೇ ಮಾಡುವುದು, ಮೂರನೇ ಒಂದು ಪಾಲಿಗೆ ಇಳಿದಾಗ ಮತ್ತೆ ಸಮನಾಗಿ ತುಂಬುವುದು. ಮೊದಲೇ ವಸೂಲಾದ್ದರಿಂದ ‘ಆಮೇಲೆ’ ಎಂಬ ಮಾತಿಗೆ ಎಡೆಯೇ ಇಲ್ಲ. ನಾವೂ ಹಾಗೇ ಅಂದುಕೊಂಡಿರುತ್ತೇವೆ. ಆಮೇಲಪ್ಪ ಹುಂಡಿಯನ್ನು ಮನಸಾರೆ ಹೊಗಳಿ, ‘ಸೂಪರ್ ಐಡಿಯಾ, ನೀವಿಬ್ಬರೂ ಹಾಕಿ ಶುರು ಮಾಡಿ, ನನ್ನದು ಆಮೇಲೆ ಸೇರಿಸ್ತೀನಿ’ ಅನ್ನುತ್ತಾನೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆ ಹುಟ್ಟಿದ್ದು ಮೂವರಿದ್ದ ಬಾಡಿಗೆ ಮನೆಯಲ್ಲೇ ಇರಬೇಕು.

ಅವನನ್ನು ಬೈದಷ್ಟೂ ಸಮಾಧಾನವಿಲ್ಲ, ಯಾಕೆಂದರೆ ನಮ್ಮ ಫೋನಿನೊಳಗೂ ಆಮೇಲಪ್ಪನ ತಮ್ಮಂದಿರು ಮನೆ ಮಾಡಿದ್ದಾರೆ. ‘ಮೊದಲ 30 ದಿನ ಉಚಿತ’ ಅನ್ನುವವನು ಒಬ್ಬ. ಆಮೇಲೆ ರದ್ದು ಮಾಡೋಣ ಎಂದು ಒಪ್ಪುತ್ತೇವೆ, 31ನೇ ದಿನ ಟಿಣ್. ಒಪ್ಪಿದ ಕ್ಷಣದಲ್ಲೇ 27ನೇ ದಿನಕ್ಕೆ ಅಲಾರಂ ಇಡಬೇಕು, ಕೊನೆಯ ದಿನಕ್ಕಲ್ಲ. ರದ್ದು ಮಾಡುವ ಗುಂಡಿಯನ್ನು ಹುಡುಕುವುದಕ್ಕೇ ಮೂರು ದಿನ ಬೇಕು. ಖಾತೆಯಿಂದ ತಾನಾಗಿ ಕಡಿತವಾಗುವ ಕಂತುಗಳಿಗೆಲ್ಲ ಸಂಬಳ ಬರುವ ದಿನಕ್ಕಿಂತ ಮೂರು ನಾಲ್ಕು ದಿನ ಆಚೆಯ ತಾರೀಖು ಕೇಳಿ ಹಾಕಿಸಿಕೊಳ್ಳುವುದು ಲೇಸು. ನಡುವೆ ರಜೆ ಬಂದು ಸಂಬಳ ತಡವಾದರೆ, ಕಡಿತ ಮಾತ್ರ ಹೇಳಿದ ಹೊತ್ತಿಗೇ ಬಂದು ಬರಿಗೈಲಿ ವಾಪಸ್ ಹೋಗುತ್ತದೆ. ಹೋಗುವಾಗ ಸುಮ್ಮನೆ ಹೋಗದೆ, ಬ್ಯಾಂಕಿನ ಕಡೆಯಿಂದ ಒಂದು, ಕಂತಿನವರ ಕಡೆಯಿಂದ ಇನ್ನೊಂದು ದಂಡ ಹಾಕಿಸಿ ಹೋಗುವುದೂ ಉಂಟು. ವರ್ಷಕ್ಕೊಮ್ಮೆ ಬರುವ ವಿಮೆ, ನವೀಕರಣ ಇತ್ಯಾದಿಗಳನ್ನು 12ರಿಂದ ಭಾಗಿಸಿ ತಿಂಗಳು ತಿಂಗಳೂ ಬೇರೆ ಖಾತೆಗೆ ಹಾಕಿಟ್ಟರೆ, ಪ್ರತಿ ವರ್ಷ ಅದೇ ತಿಂಗಳು ಬರುವ ಅದೇ ಬಿಲ್ಲು ನೋಡಿ ಹೊಸದಾಗಿ ಬೆಚ್ಚಿಬೀಳುವುದು ತಪ್ಪುತ್ತದೆ.

ತಮ್ಮಂದಿರಲ್ಲಿ ಅತಿ ವಿನಯವಂತ ಕ್ರೆಡಿಟ್ ಕಾರ್ಡಿನ ‘ಕನಿಷ್ಠ ಪಾವತಿ’. 10,000 ಬಾಕಿ ಇದೆ ಅನ್ನಿ, ಬಡ್ಡಿ ತಿಂಗಳಿಗೆ ಶೇ. 3. ‘ಶೇ. 5 ಕಟ್ಟಿದರೆ ಸಾಕು, ಉಳಿದದ್ದು ಆಮೇಲೆ’ ಅನ್ನುತ್ತಾನೆ. 500 ಕಟ್ಟುತ್ತೇವೆ. ಅದರಲ್ಲಿ 300 ಬಡ್ಡಿಗೆ ಹೋಗಿ ಅಸಲು ಕರಗುವುದು 200 ಮಾತ್ರ. ಹೊಸದಾಗಿ ಏನನ್ನೂ ಕೊಳ್ಳದೆ, ಪ್ರತಿ ತಿಂಗಳೂ ಬಾಕಿಯ ಶೇ. 5ರಂತೆ ನಿಯತ್ತಾಗಿ ಕಟ್ಟುತ್ತ ಹೋದರೂ ಸಾಲ ಅರ್ಧಕ್ಕೆ ಇಳಿಯಲು 35 ತಿಂಗಳು. ತಿಂಗಳಿಗೆ ಮೂರು ಎಂದರೆ ಕೇಳಲು ಸಣ್ಣದು. ಚಕ್ರಬಡ್ಡಿ ಸೇರಿದರೆ ವರ್ಷಕ್ಕೆ ಶೇ. 42 ದಾಟುತ್ತದೆ. ನಮ್ಮ ಆಮೇಲಪ್ಪ ಬಲ್ಬನ್ನಾದರೂ ತಂದಿದ್ದ, ಇವನು ಅದನ್ನೂ ತರುವುದಿಲ್ಲ.

ಇಷ್ಟನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಲು ಕೂತಾಗಲೇ ಮನೆಯಲ್ಲಿ ಅಪ್ಪ ಬರೆಯುತ್ತಿದ್ದ ಡೈರಿ ನೆನಪಾಗುವುದು. ಮೂರು ತಿಂಗಳು ಒಂಟಿಯಾಗಿ ಲೆಕ್ಕ ಬರೆದವರಿಗೆ ಗೊತ್ತು, ದಿನ ಕಳೆದಂತೆ ಎಲ್ಲಕ್ಕಿಂತ ದಪ್ಪಗಾಗುವ ಸಾಲು ‘ಇತರೆ’. ಒಟ್ಟು ಖರ್ಚಿನ ಹತ್ತನೇ ಒಂದು ಪಾಲನ್ನು ಅದು ಮೀರಿತೆಂದರೆ ಒಡೆದು ನೋಡಬೇಕು, ನಾಚಿಕೆಯಾಗುವ ಖರ್ಚೆಲ್ಲ ಬಚ್ಚಿಟ್ಟುಕೊಂಡಿರುವುದು ಅಲ್ಲೇ. ಅಪ್ಪಂದಿರ ಡೈರಿಯಲ್ಲಿ ‘ಇತರೆ’ ಒಂದೇ ಗೆರೆ ಇರುತ್ತಿತ್ತು. ‘ಬರಬೇಕಾದ್ದು’ ಎಂಬ ಪುಟವೂ ಇರುತ್ತಿತ್ತು. ಯಾರ್‍ಯಾರದೋ ಹೆಸರು ಅದರಲ್ಲಿದ್ದರೂ ಮಕ್ಕಳ ಹೆಸರು ಇರಲಿಲ್ಲ. ಇಪ್ಪತ್ತು ವರ್ಷ ಆ ಮನೆಯಲ್ಲಿ ಗೀಸರ್ ಆರಿಸದೆ, ಪೊರಕೆಗೆ ದುಡ್ಡು ಕೊಡದೆ, ಚೀಲ ಕೂಡ ಹೊರದೆ ಇದ್ದ ಆಮೇಲಪ್ಪ ಯಾರು ಎಂದು ಯಾರೂ ಕೇಳಲಿಲ್ಲ. ‘ಕರೆಂಟ್ ಬಿಲ್ ನಿಮ್ಮಪ್ಪ ಕಟ್ಟುತ್ತಾನಾ’ ಎಂದು ಅಪ್ಪನೇ ಗದರುತ್ತಿದ್ದದ್ದು ಆಗ ನಗು ತರಿಸುತ್ತಿತ್ತು. ಕಟ್ಟುತ್ತಿದ್ದವರು ಅವರೇ ಅಲ್ಲವೇ.

ಹಾಗಂತ ನಮ್ಮ ಆಮೇಲಪ್ಪನಿಗೆ ಮಾಫಿ ಇಲ್ಲ. ಅವನ 1,400 ಇನ್ನೂ ಬಂದಿಲ್ಲ. ಬಲ್ಬಿನ ಲೆಕ್ಕ ಹಿಡಿದರೂ ಬಂದಿಲ್ಲ.